ಚಾದರದ ಆ ತುದಿ ಹಿಡಿದವರು

ಸಾನ್ವಿ, ನಿಶಾಂತ್,

ನೀವು ಇದನ್ನು ಓದುವಾಗ ನಾನು ಎದುರಿಗೆ ಇರುವುದು ಬೇಡ. ಎದುರಿಗೆ ಕೂತರೆ ನನಗೆ ಮಾತು ಹೊರಡುವುದಿಲ್ಲ ಎಂದು ನಿಮಗೆ ಗೊತ್ತು. ಸಾನ್ವಿಗೆ ದೋಹಾದ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಎಲ್ಲರೂ ಪೇಡ ತಿನ್ನುತ್ತಿದ್ದ ದಿವಸ ಅವಳು ಕೇಳಿದಳು, "ಅಮ್ಮಮ್ಮ, ನೀನೂ ಗಲ್ಫಲ್ಲಿ ಇದ್ದೆಯಲ್ಲ, ಎಂತ ಕೆಲಸ ಮಾಡ್ತಿದ್ದೆ?" ನಾನು "ಬಟ್ಟೆ ಮಡಚುವ ಕೆಲಸ" ಎಂದೆ. ನಿಶಾಂತ್ ನಕ್ಕುಬಿಟ್ಟ. "ಅಷ್ಟಕ್ಕೆ ವಿಮಾನ ಹತ್ತಿ ಹೋದೆಯಾ?"

ಹೌದು ಮಗ, ಅಷ್ಟಕ್ಕೇ ಹೋದೆ. ಆ ಕೆಲಸ ಹೇಗಿತ್ತು ಎಂದು ಬರೆಯುತ್ತೇನೆ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ. ಅಕ್ಷರ ತಪ್ಪಿದರೆ ಮನಸ್ಸಿನಲ್ಲೇ ತಿದ್ದಿಕೊಳ್ಳಿ, ಗಟ್ಟಿಯಾಗಿ ಓದಿ ನಗಬೇಡಿ.

ನಿಮ್ಮ ಅಜ್ಜ ಮಸ್ಕತ್ತಿನ ಘಾಲಾದಲ್ಲಿ ಒಂದು ಲಾಂಡ್ರಿ ಕಂಪನಿಯ ವ್ಯಾನ್ ಓಡಿಸುತ್ತಿದ್ದರು. ಹೋಟೆಲು, ಆಸ್ಪತ್ರೆಗಳಿಂದ ಕೊಳೆ ಬಟ್ಟೆ ತರುವುದು, ಒಗೆದದ್ದನ್ನು ವಾಪಸು ಮುಟ್ಟಿಸುವುದು ಅವರ ಕೆಲಸ. ಒಂದು ಬೇಸಿಗೆ ವ್ಯಾನಿನಲ್ಲೇ ಎದೆ ನೋವು ಬಂದು ಹೋಗಿಬಿಟ್ಟರು. ಅವರ ದೇಹದ ಜೊತೆ ಊರಿಗೆ ಬಂದವರು ಮ್ಯಾನೇಜರ್ ಗಿಲ್ಬರ್ಟ್ ಸರ್. ಮಂಗಳೂರಿನ ಕೊಂಕಣಿಯವರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಉತ್ತರಕ್ರಿಯೆಯ ಬೊಜ್ಜ ಮುಗಿಯುವ ತನಕ ಉಡುಪಿಯಲ್ಲಿ ರೂಮು ಹಿಡಿದು ನಿಂತಿದ್ದು, ಹೊರಡುವ ದಿನ ಬಂದು ಹೇಳಿದರು: "ನೋಡಿ ಗುಲಾಬಿಬಾಯಿ, ನಮ್ಮಲ್ಲಿ ಲೇಡೀಸ್ ಸೆಕ್ಷನ್ ಉಂಟು. ನಿಮ್ಮವರು ಮಡಿವಾಳರು, ಬಟ್ಟೆ ಕೆಲಸ ನಿಮಗೆ ಹೊಸದಲ್ಲ. ಬರ್ತೀರಾ?" ನಾನು ತಲೆ ತಗ್ಗಿಸಿ ಕೂತಿದ್ದೆ. ಅತ್ತೆಯೇ ಒಳಗಿಂದ "ಬರ್ತಾಳೆ" ಎಂದರು. ನಿಮ್ಮ ಅಮ್ಮನನ್ನು ನನ್ನ ಅಕ್ಕನ ಹತ್ತಿರ ಬಿಟ್ಟು ಹೋದೆ.

ಬಟ್ಟೆ ಕೆಲಸ ಹೊಸದಲ್ಲ ಎಂದು ಅವರು ಹೇಳಿದ್ದು ಹೌದು. ಆದರೆ ಹೊಳೆಯ ಬದಿಯ ಕಲ್ಲಿಗೂ ಘಾಲಾದ ಆ ಶೆಡ್ಡಿಗೂ ಸಂಬಂಧವೇ ಇರಲಿಲ್ಲ. ಆಚೆ ಈಚೆ ಗ್ಯಾರೇಜುಗಳು, ನಡುವೆ ತಗಡಿನ ಮಾಡು, ಒಳಗೆ ಕೋಣೆಯಷ್ಟು ದೊಡ್ಡ ಮೆಷಿನ್ನುಗಳು. ಒಳಗೆ ಕಾಲಿಟ್ಟ ಮೊದಲ ದಿನ ಹಬೆಯಲ್ಲಿ ನನಗೆ ಎದುರಿದ್ದವರ ಮುಖ ಕಾಣಲಿಲ್ಲ. ಯಾರೋ "ಯಲ್ಲಾ, ಯಲ್ಲಾ" ಎಂದು ಕಿರುಚುತ್ತಿದ್ದರು. ಅದು ಅರಬಿಯಲ್ಲಿ 'ಬೇಗ ಬೇಗ' ಎಂದು ತಿಳಿಯದೆ, ನನ್ನನ್ನೇ ಬೈಯುತ್ತಿದ್ದಾರೆ ಎಂದುಕೊಂಡು ಗೋಡೆಗೆ ಒತ್ತಿ ನಿಂತಿದ್ದೆ.

ಸಾನ್ವಿ, ಇದನ್ನು ನೀನು ಮರೆಯಬೇಡ. ಆಸ್ಪತ್ರೆಯ ಬಟ್ಟೆಯ ಚೀಲಕ್ಕೆ ಎಂದೂ ಕೈ ಹಾಕಬಾರದು. ಚೀಲವನ್ನು ಬೋರಲು ಮಾಡಿ ನೆಲಕ್ಕೆ ಸುರಿಯಬೇಕು, ಚಾದರದ ಒಂದು ತುದಿ ಹಿಡಿದು ದೂರ ನಿಂತು ಕೊಡವಬೇಕು. ಅದರೊಳಗಿಂದ ಸೂಜಿ ಬರುತ್ತದೆ, ಕತ್ತರಿ ಬರುತ್ತದೆ, ಒಂದು ಸಲ ಯಾರದೋ ಹಲ್ಲಿನ ಸೆಟ್ಟು ಬಂತು. ಅದು ಬಂದ ದಿನ ಸಂಜೆಯೇ ಒಬ್ಬ ಮುದುಕರು ಟ್ಯಾಕ್ಸಿ ಮಾಡಿಕೊಂಡು ಬಾಯಿಗೆ ಕರ್ಚೀಫು ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಗಿಲ್ಬರ್ಟ್ ಸರ್ ಹಲ್ಲನ್ನು ತೊಳೆದು ತಟ್ಟೆಯಲ್ಲಿಟ್ಟು ಕೊಟ್ಟರು. ಆದರೆ ಸೂಜಿ ನಗುವ ಮಾತಲ್ಲ. ನನ್ನ ಜೊತೆ ಇದ್ದ ನೇಪಾಳದ ಹುಡುಗಿಗೆ ಸೂಜಿ ಚುಚ್ಚಿ, ರಕ್ತದ ಪರೀಕ್ಷೆಯ ಫಲ ಬರುವ ತನಕ ಅವಳು ಅನ್ನ ಮುಟ್ಟಲಿಲ್ಲ. ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಅವಳು ಮಾತ್ರ ಆ ಕೈಯನ್ನು ತನ್ನದಲ್ಲ ಎಂಬಂತೆ ದೂರ ಹಿಡಿದುಕೊಂಡೇ ಓಡಾಡುತ್ತಿದ್ದಳು.

ನನ್ನ ಮೊದಲ ಎಡವಟ್ಟು ಗಂಜಿಯದು. ನಮ್ಮ ಕಫೀಲ್, ಅಂದರೆ ಕಂಪನಿಯ ಒಮಾನಿ ಯಜಮಾನರು, ಅವರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಅವರ ಬಿಳಿ ನಿಲುವಂಗಿಗಳು ಅಜೈಬಾದ ಮನೆಯಿಂದ ನಮ್ಮಲ್ಲಿಗೇ ಬರುತ್ತಿದ್ದವು. ಒಂದು ವಾರ ಅದನ್ನು ನನಗೆ ಕೊಟ್ಟರು. ಯಜಮಾನರ ಬಟ್ಟೆ ಅಲ್ಲವೇ, ಊರಿನ ಕ್ರಮದಲ್ಲಿ ಕುಚ್ಚಲಕ್ಕಿಯ ಗಂಜಿ ತಿಳಿ ಸೋಸಿ, ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿ ಕಳಿಸಿದೆ. ಶುಕ್ರವಾರ ಮಸೀದಿಯಲ್ಲಿ ಅವರು ಬಗ್ಗಿದಾಗ ನಿಲುವಂಗಿ ಹಪ್ಪಳ ಮುರಿದ ಹಾಗೆ ಸದ್ದು ಮಾಡಿತಂತೆ. ಶನಿವಾರ ನನ್ನನ್ನು ಆಫೀಸಿಗೆ ಕರೆದರು. ಊರಿಗೆ ಕಳಿಸುತ್ತಾರೆ ಎಂದೇ ತಿಳಿದು ಹೋದೆ. ಅವರು ನಿಲುವಂಗಿಯ ತೋಳನ್ನು ಮೇಜಿಗೆ ಕುಟ್ಟಿ ಟಕ್ ಟಕ್ ಎನ್ನಿಸಿ, ಏನೋ ಹೇಳಿ ನಕ್ಕರು. ಗಿಲ್ಬರ್ಟ್ ಸರ್ ಅರ್ಥ ಹೇಳಿದರು: "ಅರ್ಧ ಗಂಜಿ ಸಾಕಂತೆ ಮಾರಾಯ್ತಿ. ಆದರೆ ನೀನೇ ಹಾಕಬೇಕಂತೆ." ಅಂದಿನಿಂದ ಅದು ನನ್ನ ಪಾಲಿನ ಕೆಲಸವಾಯಿತು.

ಈಗ ಮಡಚುವುದರ ಬಗ್ಗೆ.

ಹೋಟೆಲಿನ ದೊಡ್ಡ ಚಾದರವನ್ನು ಒಬ್ಬರಿಂದ ಮಡಚಲಿಕ್ಕೆ ಆಗುವುದಿಲ್ಲ. ಇಬ್ಬರು ಎದುರುಬದುರು ನಿಲ್ಲಬೇಕು, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ತುದಿ. ಮೊದಲು ಒಟ್ಟಿಗೆ ಕೊಡವಬೇಕು, ಆಮೇಲೆ ಎಳೆದು ಬಿಗಿ ಮಾಡಬೇಕು, ಉದ್ದಕ್ಕೆ ಮಡಚಬೇಕು. ಕೊನೆಗೆ ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ತುದಿ ಸೇರುವಾಗ ಇಬ್ಬರ ಮುಖ ಹತ್ತಿರ ಬರುತ್ತದೆ, ಮತ್ತೆ ದೂರ ಹೋಗುತ್ತದೆ, ಮತ್ತೆ ಬರುತ್ತದೆ. ಇಡೀ ದಿನ ಹೀಗೇ. ಅದಕ್ಕೇ ಜೋಡಿ ಸರಿ ಇರಬೇಕು. ಇಬ್ಬರಲ್ಲಿ ಒಬ್ಬಳು ಅರೆಗಳಿಗೆ ತಡ ಮಾಡಿದರೂ ಚಾದರ ಸೊಟ್ಟ. ಒಂದೊಂದು ಜೋಡಿಗೆ ಒಂದೊಂದು ಕೂಗು ಇರುತ್ತಿತ್ತು, ಕೊಡವುವ ಮುಂಚೆ ಕೊಡುವ ಕೂಗು.

ನಮ್ಮಲ್ಲಿ ಎಲ್ಲರಿಗಿಂತ ಒಳ್ಳೆಯ ಜೋಡಿ ಅಲ್ಮಾಜ್ ಮತ್ತು ಲೆಮ್ಲೆಮ್. ಇಬ್ಬರೂ ಆಫ್ರಿಕಾದವರು. ಅಲ್ಮಾಜ್ ಎತ್ತರ, ಬಾಯಿ ಜೋರು, ಯಾರಿಗೂ ಅಂಜುವವಳಲ್ಲ. ಲೆಮ್ಲೆಮ್ ಸಣ್ಣ ಆಳು, ಮೃದು ಮಾತು, ಕತ್ತಿನಲ್ಲಿ ಕಪ್ಪು ದಾರದ ಶಿಲುಬೆ. ಗಂಡ ಬಿಟ್ಟುಹೋಗಿದ್ದ, ಫಿಯೋರಿ ಎಂಬ ಮಗಳನ್ನು ಅಡಿಸ್ ಅಬಾಬಾದಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ನನ್ನ ಹಾಗೆಯೇ. ಅದಕ್ಕೆ ನನಗೆ ಅವಳ ಮೇಲೆ ಒಂದು ಹಿಡಿ ಹೆಚ್ಚು ಪ್ರೀತಿ. ಇಬ್ಬರೂ ನನ್ನನ್ನು "ಮಾಮಾ" ಎನ್ನುತ್ತಿದ್ದರು. ನಮ್ಮೆಲ್ಲರ ಮಾತು ಹಿಂದಿಯಲ್ಲಿ ಅರಬಿ ಬೆರೆಸಿದ ಮುರುಕು ಭಾಷೆ. ಅದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಂಪನಿಯ ಹೆಂಗಸರಿಗೆಲ್ಲ ಅಲ್ ಗುಬ್ರಾದಲ್ಲಿ ಒಂದು ಫ್ಲಾಟು ಇತ್ತು. ಕಿಟಕಿ ತೆಗೆದರೆ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಚಿಮಣಿಗಳು. ಅಲ್ಮಾಜ್, ಲೆಮ್ಲೆಮ್ ಸೇರಿ ಆಫ್ರಿಕಾದ ಹುಡುಗಿಯರು ಆರು ಮಂದಿ ಒಂದೇ ಕೋಣೆಯಲ್ಲಿದ್ದರು. ರಜಾದಿನ ಅಲ್ಮಾಜ್ ಕಾಫಿ ಬೀಜ ಹುರಿಯುತ್ತಿದ್ದಳು. ಹುರಿದ ಬಾಣಲೆಯನ್ನು ಎಲ್ಲರ ಮೂಗಿನ ಹತ್ತಿರ ಹಿಡಿದು, ವಾಸನೆ ತೋರಿಸಿ, ಆಮೇಲೆ ಕುಟ್ಟಿ ಕುದಿಸುವುದು. ಒಬ್ಬರೇ ಕಾಫಿ ಕುಡಿಯುವುದು ಅವರಲ್ಲಿ ಕ್ರಮವೇ ಅಲ್ಲ. ನಾನು ನಾಚಿ ಬಾಗಿಲ ಹತ್ತಿರ ನಿಂತರೆ "ಮಾಮಾ, ಒಳಗೆ ಬಾ, ಇಲ್ಲದಿದ್ದರೆ ಲೋಟ ಹಿಡಿದು ನಿನ್ನ ಹಿಂದೆ ಓಡಬೇಕು" ಎಂದು ಅಲ್ಮಾಜ್ ಎಳೆದು ಕೂರಿಸುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಟೀವಿಯಲ್ಲಿ ಅರಬಿ ವಾರ್ತೆ ಬರುತ್ತಿತ್ತು. ಕಲ್ಲಿನ ಬಯಲು, ಅದರಲ್ಲಿ ಟ್ಯಾಂಕು, ಗಂಟು ಹೊತ್ತ ಜನ. ಅಲ್ಮಾಜ್, ಲೆಮ್ಲೆಮ್ ಇಬ್ಬರ ಕೈಯೂ ತಟ್ಟೆಯ ಮೇಲೆ ನಿಂತಿತು.

"ಯಾರ ಯುದ್ಧ?" ಎಂದು ನಾನು ಕೇಳಿದೆ.

"ನಮ್ಮದು" ಎಂದಳು ಅಲ್ಮಾಜ್.

"ನಮ್ಮದು" ಎಂದಳು ಲೆಮ್ಲೆಮ್.

ಆಗಲೇ ನನಗೆ ಗೊತ್ತಾದದ್ದು, ಇವರಿಬ್ಬರೂ ಒಂದೇ ದೇಶದವರಲ್ಲ ಎಂದು. ಅಲ್ಮಾಜ್ ಇಥಿಯೋಪಿಯಾದವಳು. ಲೆಮ್ಲೆಮ್ ಹುಟ್ಟಿ ಬೆಳೆದದ್ದು ಅಲ್ಲಿಯೇ, ಪಾಸ್‌ಪೋರ್ಟೂ ಅಲ್ಲಿಯದೇ, ಆದರೆ ಅವಳ ಅಪ್ಪ ಅಮ್ಮ ಎರಿಟ್ರಿಯಾದವರು. ಆ ಎರಿಟ್ರಿಯಾ ಮೊದಲು ಇಟಲಿಯವರ ಕೈಯಲ್ಲಿತ್ತು, ಆಮೇಲೆ ಇಥಿಯೋಪಿಯಾದ ಕೈಗೆ ಹೋಯಿತು. ಒಂದು ತಲೆಮಾರು ಇಡೀ ಕಾದಾಡಿ ಬೇರೆ ದೇಶವಾಗಿ ಕೆಲವೇ ವರ್ಷವಾಗಿತ್ತಷ್ಟೆ. ಈಗ ಗಡಿಯ ಒಂದು ಬೋಳು ಊರಿಗಾಗಿ ಆ ಎಳೆಯ ದೇಶಕ್ಕೂ ಹಿಂದೆ ಅದನ್ನು ಆಳಿದ ದೇಶಕ್ಕೂ ಯುದ್ಧ.

"ನಮ್ಮನ್ನು ಆಳಿದವರಿಗೆ ಇನ್ನೂ ಸಾಕಾಗಲಿಲ್ಲ" ಎಂದು ಲೆಮ್ಲೆಮ್ ಮೆಲ್ಲನೆ ಹೇಳಿದಳು.

"ಯಾರು ಆಳಿದ್ದು?" ಅಲ್ಮಾಜಳ ದನಿ ಏರಿತು. "ನನ್ನಪ್ಪ ಕತ್ತೆಯ ಮೇಲೆ ಸೌದೆ ಹೇರಿ ಮಾರುತ್ತಿದ್ದ. ಅವನು ಯಾರನ್ನು ಆಳಿದ? ಕತ್ತೆಯನ್ನಾ?"

ಬೇರೆ ದಿನವಾದರೆ ಎಲ್ಲರೂ ನಗುತ್ತಿದ್ದರು.

ಗಿಲ್ಬರ್ಟ್ ಸರ್‌ಗೆ ತಲೆಬುಡ ಅರ್ಥವಾಗಲಿಲ್ಲ. "ಒಂದೇ ಕಾಫಿ, ಒಂದೇ ರೊಟ್ಟಿ, ಚರ್ಚೂ ಒಂದೇ. ಎಂತಕ್ಕೆ ಜಗಳ ಮಾರಾಯ್ತಿ? ಎರಡು ದಿವಸದಲ್ಲಿ ಖಲಾಸ್ ಆಗ್ತದೆ ನೋಡು." ಎರಡು ದಿವಸದಲ್ಲಿ ಆಗಲಿಲ್ಲ. ಜೋಡಿಯ ಕೂಗು ನಿಂತಿತು. ಇಬ್ಬರೂ ಎದುರುಬದುರು ನಿಂತು ಮಾತಿಲ್ಲದೆ ಎಳೆಯುತ್ತಿದ್ದರು, ಚಾದರಗಳು ಸೊಟ್ಟ ಬರುತ್ತಿದ್ದವು. ಮಡಚುವ ಭಾಗ ನೋಡಿಕೊಳ್ಳುವುದು ಅಷ್ಟರಲ್ಲಿ ನನ್ನ ಪಾಲಿಗೆ ಬಂದಿತ್ತು. ಬೈಯಬೇಕಾದವಳು ನಾನು. ಬೈಯುವುದು ಹೇಗೆಂದು ತಿಳಿಯದೆ ಸೊಟ್ಟ ಚಾದರಗಳನ್ನು ನಾನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ.

ಫ್ಲಾಟಿನಲ್ಲಿ ಇನ್ನೂ ಕಷ್ಟ. ಆರು ಮಂದಿಯ ಆ ಕೋಣೆಯ ನಡುವೆ ಒಂದು ಸೀರೆ ಕಟ್ಟಿದರು. ಒಂದು ಕಡೆ ನಾಲ್ಕು ಮಂದಿ ಇಥಿಯೋಪಿಯಾದವರು, ಇನ್ನೊಂದು ಕಡೆ ಲೆಮ್ಲೆಮ್ ಮತ್ತು ಇನ್ನೊಬ್ಬಳು. ಕಾಫಿ ಹುರಿಯುವ ವಾಸನೆ ನಿಂತಿತು. ನಾನು ಅಡುಗೆಮನೆಯ ಕತ್ತಿಯನ್ನು ದಿನಾ ಅಕ್ಕಿ ಡಬ್ಬಿಯೊಳಗೆ ಹುದುಗಿಸಿ ಇಡತೊಡಗಿದೆ. ಯಾರೂ ಹೇಳಿರಲಿಲ್ಲ, ಭಯಕ್ಕೆ ಹಾಗೆ ಮಾಡುತ್ತಿದ್ದೆ. ತರಕಾರಿ ಹೆಚ್ಚಲು ಯಾರಿಗಾದರೂ ಬೇಕಾದರೆ ನಾನೇ ಹೆಚ್ಚಿ ಕೊಡುತ್ತಿದ್ದೆ.

ಆಮೇಲೆ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಿಂದ ಸುದ್ದಿ ಬರತೊಡಗಿತು. ಎರಿಟ್ರಿಯಾದ ಮೂಲದವರನ್ನು ಹುಡುಕಿ ಹುಡುಕಿ ಬಸ್ಸಿಗೆ ತುಂಬಿ ಗಡಿ ದಾಟಿಸುತ್ತಿದ್ದಾರೆ ಎಂದು. ಅಲ್ಲೇ ಹುಟ್ಟಿದವರು, ಅಂಗಡಿ ಇಟ್ಟವರು, ಮುದುಕರು, ಯಾರೆಂದು ನೋಡುವುದಿಲ್ಲವಂತೆ. ಲೆಮ್ಲೆಮ್‌ಳ ತಾಯಿಯ ಮನೆಯಲ್ಲಿ ಫೋನಿರಲಿಲ್ಲ, ಬೀದಿಯ ಅಂಗಡಿಗೆ ಮಾಡಬೇಕಿತ್ತು. ಘಾಲಾದ ಟೆಲಿಫೋನ್ ಬೂತಿಗೆ ಜೊತೆಗೆ ಬಾ ಎಂದು ನನ್ನನ್ನು ಕರೆದುಕೊಂಡು ಹೋದಳು. ಆಚೆಯಿಂದ ಅಂಗಡಿಯವನು ನಾಲ್ಕು ಮಾತು ಹೇಳಿ ಇಟ್ಟುಬಿಟ್ಟ. ಲೆಮ್ಲೆಮ್ ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ.

"ಎಂತ ಹೇಳಿದ?" ಎಂದೆ.

"ಅಮ್ಮನನ್ನು ಬಸ್ಸಿನಲ್ಲಿ ಒಯ್ದರಂತೆ. ಮನೆಗೆ ಬೀಗ ಮುದ್ರೆ ಹಾಕಿದ್ದಾರಂತೆ. ಮಗು ಶಾಲೆಗೆ ಹೋಗಿತ್ತಂತೆ."

"ಶಾಲೆಯಿಂದ ಬಂದ ಮೇಲೆ?"

"ಇನ್ನು ಇಲ್ಲಿಗೆ ಫೋನು ಮಾಡಬೇಡ ಎಂದ."

ಮಕ್ಕಳೇ, ಆಗ ಫಿಯೋರಿಗೆ ನಿಮ್ಮ ಅಮ್ಮನಷ್ಟೇ ವಯಸ್ಸು. ನಿಮ್ಮ ಅಮ್ಮ ಶಾಲೆಯಿಂದ ಬಂದು, ಬಾಗಿಲಿಗೆ ಬೀಗ ನೋಡಿ, ಚೀಲ ಹೆಗಲಲ್ಲೇ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತ ಹಾಗೆ ನನಗೆ ಕಾಣುತ್ತಿತ್ತು. ಕಣ್ಣು ಮುಚ್ಚಿದರೂ ಕಾಣುತ್ತಿತ್ತು, ತೆರೆದರೂ ಕಾಣುತ್ತಿತ್ತು. ಅಕ್ಕನಿಗೆ ಫೋನು ಮಾಡಿ "ಮಗು ಮನೆಗೆ ಬಂತಾ?" ಎಂದು ಸುಮ್ಮನೆ ಕೇಳುತ್ತಿದ್ದೆ.

ಆ ಚಳಿಗಾಲ ಕಳೆಯುವ ಹೊತ್ತಿಗೆ ಇನ್ನೊಂದು ಏಟು. ರಜೆಯಲ್ಲಿ ಊರಿಗೆ ಹೋಗಿ ಬಂದ ಒಬ್ಬಳು ಅಲ್ಮಾಜಳಿಗೆ ಸುದ್ದಿ ತಂದಳು, ಸೈನ್ಯಕ್ಕೆ ಸೇರಿದ್ದ ಅವಳ ತಮ್ಮ ಗಡಿಯಲ್ಲಿ ಸತ್ತನೆಂದು. ಮಣ್ಣು ಮಾಡಿದ್ದು ಎಲ್ಲಿ ಎಂದೂ ತಿಳಿಯದು. ಮರುದಿನ ಅವಳು ಕೆಲಸಕ್ಕೆ ಬಂದಳು. ಬಿಸಿ ರೋಲರಿನ ಮೆಷಿನ್ನಿಗೆ ಒಂದರ ಹಿಂದೆ ಒಂದು ಚಾದರ ಕೊಡುತ್ತಾ ಹೋದಳು. ಅವಳ ಕಣ್ಣು ಮಾತ್ರ ಶೆಡ್ಡಿನ ಆ ಕೊನೆಯಲ್ಲಿದ್ದ ಲೆಮ್ಲೆಮ್‌ಳ ಬೆನ್ನ ಮೇಲೆ. ಸುತ್ತ ಎಲ್ಲ ಕಡೆ ಕಾದ ಕಬ್ಬಿಣ, ಕುದಿಯುವ ನೀರು, ಸೋಡಾ ಪುಡಿ. ನಾನು ಲೆಮ್ಲೆಮ್‌ಳನ್ನು ಟವೆಲ್ ಮಡಚುವ ಮೂಲೆಗೆ ಹಾಕಿದೆ, ಅವರಿಬ್ಬರ ನಡುವೆ ಬಟ್ಟೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದೆ.

ಅದೇ ಹೊತ್ತಿಗೆ ಪೆಟ್ರೋಲ್ ಎಣ್ಣೆಯ ಬೆಲೆ ಬಿದ್ದಿತ್ತು. ಎಣ್ಣೆ ಬಿದ್ದರೆ ಬಟ್ಟೆ ಒಗೆಯುವವರಿಗೆ ಎಂತ ಎಂದು ನೀವು ಕೇಳಬಹುದು. ಎಣ್ಣೆ ಕಂಪನಿಗಳು ಜನ ಕಳಿಸುವುದು ನಿಲ್ಲಿಸಿದರೆ ಹೋಟೆಲಿನ ಕೋಣೆ ಖಾಲಿ, ಕೋಣೆ ಖಾಲಿಯಾದರೆ ಚಾದರ ಕೊಳೆಯಾಗುವುದಿಲ್ಲ. ವ್ಯಾನುಗಳು ಅರ್ಧ ತುಂಬಿ ಬರತೊಡಗಿದವು. ಅದರ ಮೇಲೆ ಅರ್ಬಾಬ್ ಮೊದಲೇ ಆರ್ಡರ್ ಕೊಟ್ಟಿದ್ದ ಹೊಸ ಮೆಷಿನ್ನು ಬಂತು. ಅದು ಚಾದರವನ್ನು ಒಣಗಿಸಿ, ಇಸ್ತ್ರಿ ಮಾಡಿ, ತಾನೇ ಮಡಚಿ ಹೊರಗೆ ಹಾಕುತ್ತಿತ್ತು. ನಾವೆಲ್ಲ ಸುತ್ತ ನಿಂತು ನೋಡಿದೆವು. ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ.

ಗಿಲ್ಬರ್ಟ್ ಸರ್ ನನ್ನನ್ನು ಕರೆದರು. ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. "ಮಡಚುವವರಲ್ಲಿ ಒಬ್ಬಳನ್ನು ಈ ತಿಂಗಳೇ ಕಳಿಸಬೇಕು. ಆ ಸಣ್ಣ ಹುಡುಗಿ, ಲೆಮ್ಲೆಮ್. ಅವಳ ಪಾಸ್‌ಪೋರ್ಟೂ ಮುಗೀತಾ ಬಂತು, ಅವರ ಎಂಬೆಸಿಯವರು ಮಾಡಿಕೊಡುವುದಿಲ್ಲವಂತೆ. ಅಡಿಸ್‌ಗೆ ಟಿಕೆಟ್ ಮಾಡ್ತೇನೆ."

"ಅವಳನ್ನು ಅಲ್ಲಿ ಹಿಡೀತಾರೆ ಸರ್."

"ನಾನು ಎಂತ ಮಾಡ್ಲಿ ಮಾರಾಯ್ತಿ? ನನ್ನನ್ನೂ ಯಾವಾಗ ಕಳಿಸ್ತಾರೋ ಗೊತ್ತಿಲ್ಲ."

ಲೆಮ್ಲೆಮ್‌ಳಿಗೆ ಹೇಳಿದಾಗ ಅವಳ ಮುಖ ಅರಳಿತು. ನನಗೆ ಅದೇ ಹೆದರಿಕೆಯಾದದ್ದು. "ಹೋಗ್ತೇನೆ ಮಾಮಾ. ನನ್ನ ಮಗು ಅಲ್ಲಿಯೇ ಎಲ್ಲೋ ಉಂಟು. ಹೋಗಿ ಹುಡುಕ್ತೇನೆ." ಏರ್‌ಪೋರ್ಟಿನಲ್ಲೇ ಅವಳ ಅಪ್ಪನ ಹೆಸರು ನೋಡಿ ಹಿಡಿಯುತ್ತಾರೆ, ಊರೊಳಗೆ ಕಾಲಿಡುವ ಮುಂಚೆಯೇ ಬಸ್ಸಿಗೆ ಹಾಕಿ ಗಡಿಯ ಆಚೆ ಬಿಡುತ್ತಾರೆ, ಆಮೇಲೆ ಮಗುವಿಗೂ ಅವಳಿಗೂ ನಡುವೆ ಎರಡು ಸೈನ್ಯ ನಿಂತಿರುತ್ತದೆ ಎಂದು ಎಲ್ಲರೂ ಹೇಳಿದರು. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ಪೆಟ್ಟಿಗೆಯಲ್ಲಿ ಮಗುವಿಗೆಂದು ಕೊಂಡ ಗುಲಾಬಿ ಬಣ್ಣದ ಸ್ವೆಟರ್ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು.

ಮಾರನೇ ದಿನ ಬೆಳಿಗ್ಗೆ ಅಲ್ಮಾಜ್ ನನ್ನೆದುರು ಬಂದು ನಿಂತಳು. ತಮ್ಮ ಸತ್ತ ಮೇಲೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

"ನನ್ನನ್ನು ಅವಳ ಜೊತೆ ಹಾಕು."

"ಯಾರ ಜೊತೆ?"

"ಗೊತ್ತಿಲ್ಲದ ಹಾಗೆ ಆಡಬೇಡ ಮಾಮಾ. ಮಡಚುವುದಕ್ಕೆ. ಮೊದಲಿನ ಹಾಗೆ."

ಬೇಡ ಎನ್ನಲು ಧೈರ್ಯವಿಲ್ಲ, ಸರಿ ಎನ್ನಲೂ ಇಲ್ಲ. ಅವಳ ಕೈಗಳನ್ನೇ ನೋಡಿದೆ. ಬರೀ ಕೈ. ಹೊಸ ಮೆಷಿನ್ನಿಗೆ ಹಿಡಿಸದ ಅತಿ ದೊಡ್ಡ ಚಾದರಗಳನ್ನು ಇನ್ನೂ ಕೈಯಲ್ಲೇ ಮಡಚುತ್ತಿದ್ದೆವು. ಇಬ್ಬರನ್ನೂ ಅಲ್ಲಿಗೆ ಹಾಕಿ, ನಾನು ರೋಲರನ್ನು ನಿಲ್ಲಿಸುವ ಕೆಂಪು ಗುಂಡಿಯ ಹತ್ತಿರ ನಿಂತೆ. ಆ ಗುಂಡಿಯಿಂದ ಎಂತ ಉಪಯೋಗ ಎಂದು ಈಗ ನಗು ಬರುತ್ತದೆ. ಆಗ ಅದನ್ನೇ ದೇವರೆಂದು ನಂಬಿ ನಿಂತಿದ್ದೆ.

ಅವರು ಚಾದರ ಹಿಡಿದರು. ಕೂಗಿಲ್ಲ. ಕೊಡವಿದರು, ಎಳೆದರು, ಒಬ್ಬರ ಕಡೆಗೆ ಒಬ್ಬರು ನಡೆದರು. ತುದಿ ಸೇರುವಾಗ ಅಲ್ಮಾಜಳ ತುಟಿ ಅಲ್ಲಾಡಿತು. ಲೆಮ್ಲೆಮ್ ನಿಂತುಬಿಟ್ಟಳು. ಅಲ್ಮಾಜ್ ಬಟ್ಟೆಯನ್ನು ಜೋರಾಗಿ ಜಗ್ಗಿ ಅವಳನ್ನು ಹಿಂದಕ್ಕೆ ಕಳಿಸಿದಳು. ಮತ್ತೆ ಹತ್ತಿರ. ಮತ್ತೆ ತುಟಿ ಅಲ್ಲಾಡಿತು. ದೂರದಿಂದ ನೋಡಿದವರಿಗೆ ಇಬ್ಬರು ಶತ್ರುಗಳು ಹಲ್ಲು ಕಚ್ಚಿ ಕೆಲಸ ಮಾಡುವ ಹಾಗೇ ಇತ್ತು. ಅಷ್ಟು ಸದ್ದಿನಲ್ಲಿ ಒಂದು ಮೊಳ ದೂರ ನಿಂತವರಿಗೂ ಮಾತು ಕೇಳುತ್ತಿರಲಿಲ್ಲ. ರಾಶಿ ಮುಗಿದ ಮೇಲೆ ನೋಡುತ್ತೇನೆ, ಮಡಚಿಟ್ಟ ಚಾದರವನ್ನೇ ತೆಗೆದು ಬಿಚ್ಚಿ ಮತ್ತೆ ಮಡಚುತ್ತಿದ್ದಾರೆ! ನಾನು ಹೋಗಿ ಕೇಳಲಿಲ್ಲ. ಗಿಲ್ಬರ್ಟ್ ಸರ್ ಬರುವ ದಾರಿಗೆ ಅಡ್ಡ ಒಂದು ಗಾಡಿ ನಿಲ್ಲಿಸಿದೆ. ಊಟದ ಗಂಟೆ ಹೊಡೆಯುವ ತನಕ ಅವರು ಆ ಚಾದರಗಳನ್ನು ಮಡಚಿದರು.

ಅಲ್ಲಿ ನಡೆದದ್ದು ನನಗೆ ತಿಳಿದದ್ದು ಆಮೇಲೆ, ಲೆಮ್ಲೆಮ್‌ಳ ಬಾಯಿಂದ. ತುದಿ ಮೊದಲು ಸೇರಿದಾಗ ಅಲ್ಮಾಜ್ ಹೇಳಿದ್ದು, "ನೀನು ಹೋಗಬೇಡ. ನಾನು ಹೋಗುತ್ತೇನೆ." ಎರಡನೆಯದಕ್ಕೆ, "ಮಗು ಯಾವ ಶಾಲೆ?" ಮುಂದೆ ಒಂದೊಂದು ಮಡಿಕೆಗೆ ಒಂದೊಂದು ಮಾತು. ಸಮವಸ್ತ್ರದ ಬಣ್ಣ ಯಾವುದು, ಹಣೆಯ ಮೇಲೆ ಗಾಯದ ಗುರುತು ಯಾವ ಕಡೆ, ಯಾರ ಮನೆಯಲ್ಲಿ ಆಡುತ್ತಿದ್ದಳು, ಯಾವ ಹೆಸರು ಹೇಳಿದರೆ ನಂಬುತ್ತಾಳೆ. ಫ್ಲಾಟಿನಲ್ಲಿ ಇದನ್ನು ಆಡುವ ಹಾಗಿರಲಿಲ್ಲ. ಯುದ್ಧದಲ್ಲಿ ತಮ್ಮನನ್ನು ಕಳಕೊಂಡವಳು ಎರಿಟ್ರಿಯಾದ ಮಗುವನ್ನು ಹುಡುಕಲು ಹೋಗುತ್ತಾಳೆಂದು ಆ ಕೋಣೆಯಲ್ಲಿ ಯಾರಿಗೆ ಗೊತ್ತಾದರೂ ಸುದ್ದಿ ಅವಳಿಗಿಂತ ಮುಂಚೆ ಅವಳ ಬೀದಿ ಮುಟ್ಟುತ್ತಿತ್ತು. ಕೊನೆಯ ಮಡಿಕೆಗೆ ಹೇಳಿದಳಂತೆ: "ಸಿಕ್ಕಿದರೆ ಅವಳು ನನ್ನ ಮಗಳು. ಹಳೆಯ ಹೆಸರು ಬೇಡ, ಬೇರೆ ಹೆಸರಿಡುತ್ತೇನೆ. ಎಲ್ಲರಿಗೂ ಹಾಗೇ ಹೇಳುತ್ತೇನೆ. ಅವಳಿಗೂ ಹಾಗೇ ಕಲಿಸುತ್ತೇನೆ. ನಾನು ಫೋನು ಮಾಡುವ ತನಕ ನೀನು ಮಾಡಬೇಡ."

ಲೆಮ್ಲೆಮ್ ಕೇಳಿದಳಂತೆ, "ನಿನ್ನ ತಮ್ಮನನ್ನು ಕೊಂದದ್ದು ನಮ್ಮವರು. ನೀನು ಯಾಕೆ?"

"ಮಗು ಅಲ್ಲವಲ್ಲ ಕೊಂದದ್ದು" ಎಂದು ಅಲ್ಮಾಜ್ ಬಟ್ಟೆ ಜಗ್ಗಿದಳಂತೆ.

ಸಂಜೆ ಅಲ್ಮಾಜ್ ಆಫೀಸಿಗೆ ಹೋಗಿ ತನ್ನನ್ನು ಊರಿಗೆ ಕಳಿಸಬೇಕೆಂದು ಗಲಾಟೆ ಮಾಡಿದಳು. ಗಿಲ್ಬರ್ಟ್ ಸರ್ ಬೊಬ್ಬೆ ಹೊಡೆದರು. "ಎಲ್ಲರೂ ಇಲ್ಲಿಂದ ಕಳಿಸಬೇಡಿ ಅಂತ ಕಾಲು ಹಿಡೀತಾರೆ, ಇವಳಿಗೆ ಎಂತ ಗರ ಬಡಿದಿದೆ? ನೀನು ಹೋದರೆ ಕೆಲಸ ಯಾರು ಮಾಡುವುದು? ಆ ಸಣ್ಣದಾ?"

"ಅವಳು ನನಗಿಂತ ಚೆನ್ನಾಗಿ ಮಡಚುತ್ತಾಳೆ. ನನಗೆ ತಾಯಿ ಒಬ್ಬಳೇ, ಅಳುತ್ತಿದ್ದಾಳೆ. ಟಿಕೆಟ್ ಮಾಡು."

ಕೊನೆಗೆ ಸರ್ ಒಪ್ಪಿದರು, ಆದರೆ ಲೆಮ್ಲೆಮ್‌ಳ ಪಾಸ್‌ಪೋರ್ಟಿನ ತೊಡಕು ಹಾಗೇ ಇತ್ತು. ಆ ವಾರ ಅರ್ಬಾಬರ ನಿಲುವಂಗಿಗಳನ್ನು ಕೊಡಲು ನಾನೇ ಅಜೈಬಾಕ್ಕೆ ಹೋದೆ. ಬಟ್ಟೆಯನ್ನು ಹೆಂಗಸರಿಗೆ ಕೊಟ್ಟು ಹಿಂದಿರುಗುವುದು ಕ್ರಮ. ಆ ದಿನ ಅಂಗಳದಲ್ಲಿ ಅವರೇ ಕೂತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಅವರು "ಗಂಜಿ ಮುಗಿಯಿತೇ?" ಎಂದು ತಮಾಷೆ ಮಾಡಿದರು. ನನಗೆ ಅಳು ಬಂತು. ಮುರುಕು ಅರಬಿಯಲ್ಲಿ ಏನೇನೋ ಹೇಳಿದೆ: ಹುಟ್ಟಿದ ಊರಿನವರೇ ಬೇಡ ಎನ್ನುತ್ತಾರೆ, ಪಾಸ್‌ಪೋರ್ಟ್ ಮಾಡುವುದಿಲ್ಲ, ಕಳಿಸಿದರೆ ಹಿಡಿಯುತ್ತಾರೆ ಎಂದು. ಅಲ್ಮಾಜಳ ವಿಷಯ ಬಾಯಿ ಬಿಡಲಿಲ್ಲ. ಅವರು ನಗು ನಿಲ್ಲಿಸಿದರು. ಅವರು ಹುಟ್ಟಿದ್ದು ಆಫ್ರಿಕಾದ ಜಂಜಿಬಾರ್ ದ್ವೀಪದಲ್ಲಿ, ಅಲ್ಲಿ ಗಲಭೆಯಾಗಿ ಒಮಾನ್ ಮೂಲದವರನ್ನು ಕೊಂದು ಓಡಿಸಿದಾಗ ದೋಣಿ ಹತ್ತಿ ಬಂದ ಮನೆತನ ಎಂದು ನನಗೆ ಆಗ ಗೊತ್ತಿರಲಿಲ್ಲ. "ನಾನು ಹುಟ್ಟಿದ ಮನೆಯಲ್ಲಿ ಈಗ ಯಾರಿದ್ದಾರೋ ನನಗೂ ಗೊತ್ತಿಲ್ಲ" ಎಂದರು. "ಹುಡುಗಿ ಇರಲಿ. ವೀಸಾ ಕಚೇರಿಯವರ ಹತ್ತಿರ ನಾನು ಮಾತಾಡುತ್ತೇನೆ." ನಾನು ಬದುಕಿನಲ್ಲಿ ಯಾವ ಯಜಮಾನರೆದುರೂ ಅಷ್ಟು ಮಾತಾಡಿದ್ದು ಅದೊಂದೇ ಸಲ. ಹಿಂದೆ ಬರುವಾಗ ವ್ಯಾನಿನಲ್ಲಿ ವಾಂತಿ ಮಾಡಿಕೊಂಡೆ.

ಅಲ್ಮಾಜ್ ಹೊರಟ ದಿನ ಲೆಮ್ಲೆಮ್ ಅವಳ ಕಡೆ ನೋಡಲೂ ಇಲ್ಲ. ನೋಡಬಾರದೆಂದು ಮಾತಾಗಿತ್ತು. ಗುಲಾಬಿ ಸ್ವೆಟರನ್ನು ಅಲ್ಮಾಜಳ ಪೆಟ್ಟಿಗೆಗೆ ಹಾಕಿದವಳು ನಾನು.

ಆಮೇಲೆ ಕಾಯುವುದು. ಲೆಮ್ಲೆಮ್‌ಳಿಗೆ ಈಗ ಜೋಡಿ ನಾನು. ಎದುರು ನಿಂತು ಚಾದರ ಹಿಡಿದರೆ ಅವಳ ಕೈಯ ನಡುಕ ಬಟ್ಟೆಯ ಮೂಲಕ ನನ್ನ ಬೆರಳಿಗೆ ಬರುತ್ತಿತ್ತು. ಆಫೀಸಿನ ಫೋನು ಹೊಡೆದಾಗಲೆಲ್ಲ ಇಬ್ಬರೂ ಒಟ್ಟಿಗೆ ನಿಲ್ಲುತ್ತಿದ್ದೆವು. ಫೋನು 'ಟವೆಲ್ ಬರಲಿಲ್ಲ' ಎಂದು ಹೋಟೆಲಿನಿಂದ ಆಗಿರುತ್ತಿತ್ತು. ವಾರಗಳು ಹೋದವು, ಸೆಕೆ ಶುರುವಾಯಿತು. ಟೀವಿಯಲ್ಲಿ ಯುದ್ಧ ಹೆಚ್ಚಿತು, ಕಂದಕಗಳಲ್ಲಿ ಸತ್ತವರನ್ನು ತೋರಿಸುತ್ತಿದ್ದರು. ಅಲ್ಮಾಜಳನ್ನೂ ಹಿಡಿದಿರಬಹುದು, ಮಗು ಸಿಗದೆ ಹೇಳಲಾರದೆ ಸುಮ್ಮನಿರಬಹುದು ಎಂದು ಒಂದೊಂದು ದಿನ ಒಂದೊಂದು ಹೆದರಿಕೆ. ಅವಳು ಮೋಸ ಮಾಡಿದಳು ಎಂದು ಮಾತ್ರ ಲೆಮ್ಲೆಮ್ ಒಂದು ದಿನವೂ ಹೇಳಲಿಲ್ಲ. ನನಗೆ ಆ ಯೋಚನೆ ಬಂದಿತ್ತು.

ಒಂದು ದಿನ ಗಿಲ್ಬರ್ಟ್ ಸರ್ ಚಾ ಕುಡಿಯುತ್ತ ಬಂದು ನಮ್ಮ ಹತ್ತಿರ ನಿಂತರು. "ಆ ಅಲ್ಮಾಜ್ ಫೋನು ಮಾಡಿದ್ದಳು ಮಾರಾಯ್ತಿ. ಬೆಳಿಗ್ಗೆ. ಅಂಗಡಿಯೊಂದರ ನಂಬರೂ ಕೊಟ್ಟಿದ್ದಾಳೆ. ಇಂಡಿಯನ್ ಮಾಮಾಗೆ ಹೇಳಿ ಅಂದಳು, ತಾಯಿ ಚೆನ್ನಾಗಿದ್ದಾಳಂತೆ, ಮಗಳು ಶಾಲೆಗೆ ಹೋಗ್ತಾಳಂತೆ. ಅಲ್ಲ, ಅವಳಿಗೆ ಮಗಳಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ! ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್" ಎಂದೆ.

ಚಾದರದ ಆ ತುದಿ ಸಡಿಲವಾಯಿತು. ಲೆಮ್ಲೆಮ್ ಆಗತಾನೆ ಮೆಷಿನ್ನಿನಿಂದ ಬಂದ ಬಿಸಿ ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿ ಕೂತಿದ್ದಳು. "ಇವಳಿಗೆ ಎಂತಾಯ್ತು?" ಎಂದರು ಸರ್. "ಸೆಕೆ" ಎಂದೆ.

ಫೋನು ಬಂದ ಮೇಲೂ ಮಾಡಬಾರದೆಂದೇ ಇದ್ದಳು. ಆದರೆ ತಾಯಿಯ ಜೀವ ಎಷ್ಟು ದಿನ ತಡೆಯುತ್ತದೆ? ಒಂದು ಶುಕ್ರವಾರ ನನ್ನನ್ನು ಕರೆದುಕೊಂಡು ಬೂತಿಗೆ ಹೋದಳು. ಅದು ಅಲ್ಮಾಜಳ ಮನೆಯ ಕೆಳಗಿನ ದರ್ಜಿಯ ಅಂಗಡಿಯ ನಂಬರು, ಮಧ್ಯಾಹ್ನದ ಮೇಲೆ ಮಕ್ಕಳು ಅಲ್ಲಿ ಆಡುತ್ತಿರುತ್ತಾರಂತೆ. ದನಿ ಕೇಳಿ ಇಟ್ಟುಬಿಡುತ್ತೇನೆ ಎಂದಳು. ನಾನು ಬೂತಿನ ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಆಚೆ ಯಾರೋ ಫೋನು ಎತ್ತಿದರು. ಮಗುವಿನ ದನಿ, ನನಗೂ ಕೇಳಿತು. ಲೆಮ್ಲೆಮ್ ಇಡಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. "ಫಿಯೋರಿ?" ಎಂದಳು.

ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು, ಗಂಡಸರ ಮಾತು. ಆಮೇಲೆ ಮಗು ಸ್ಪಷ್ಟವಾಗಿ, ಗಟ್ಟಿಯಾಗಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಏನೋ ಹೇಳಿತು.

"ಎಂತ ಹೇಳಿದಳು?" ಎಂದೆ.

ಲೆಮ್ಲೆಮ್ ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. "'ಆ ಹೆಸರಿನವರು ಇಲ್ಲಿ ಯಾರೂ ಇಲ್ಲ' ಎಂದಳು. ಕಲಿತಿದ್ದಾಳೆ ಮಾಮಾ. ಚೆನ್ನಾಗಿ ಕಲಿತಿದ್ದಾಳೆ."

ಆದರೆ ಮಗು ಫೋನು ಇಡಲಿಲ್ಲ. ಆ ಕಡೆಯಿಂದ ಉಸಿರು ಮಾತ್ರ ಬರುತ್ತಿತ್ತು. ಇವಳೂ ಇಡಲಿಲ್ಲ. ಕಾರ್ಡಿನ ದುಡ್ಡು ಮುಗಿದು ತಾನಾಗಿ ಕಡಿದುಹೋಗುವ ತನಕ ಇಬ್ಬರೂ ಹಾಗೇ ಇದ್ದರು.

ಯುದ್ಧ ನಿಂತ ಮೇಲೆ ಲೆಮ್ಲೆಮ್ ನಿರಾಶ್ರಿತಳೆಂದು ಬೇರೊಂದು ದೂರದ ದೇಶಕ್ಕೆ ಹೋದಳು. ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದೇನೆ ಎಂದು ಒಮ್ಮೆ ಫೋನು ಮಾಡಿದ್ದಳು. ಅಷ್ಟರಲ್ಲಿ ನಮ್ಮ ಲಾಂಡ್ರಿ ಬೇರೆಯವರ ಕೈ ಸೇರಿತು, ನಾನು ಊರಿಗೆ ಬಂದೆ, ಆ ನಂಬರುಗಳು ಯಾವುದೂ ಉಳಿಯಲಿಲ್ಲ. ಮುಂದೇನಾಯಿತೋ ನನಗೆ ಗೊತ್ತಿಲ್ಲ. ಈಗಲೂ ಟೀವಿಯಲ್ಲಿ ಆ ಕಡೆಯ ಸುದ್ದಿ ಬಂದರೆ ನಾನು ಎದ್ದು ಹೋಗುವುದನ್ನು ನೀವು ನೋಡಿದ್ದೀರಿ.

ಫಿಯೋರಿ ಎಂಬ ಹೆಸರನ್ನು ಯಾರ ಮುಂದೆಯೂ ಹೇಳಬೇಡ ಎಂದು ಅವರಿಬ್ಬರೂ ನನಗೆ ಹೇಳಿದ್ದರು. ಇನ್ನು ಹೇಳಬಹುದು ಎಂದು ಯಾರೂ ಬಂದು ಹೇಳಲಿಲ್ಲ. ಅದಕ್ಕೆ ಇಷ್ಟು ವರ್ಷ ನಿಮ್ಮ ಅಮ್ಮನ ಹತ್ತಿರವೂ ಹೇಳದೆ ಇಟ್ಟುಕೊಂಡಿದ್ದೆ. ಈಗ ಮೊದಲ ಸಲ ಬರೆದಿದ್ದೇನೆ. ಬರೆಯುವಾಗಲೂ ಕೈ ತಡೆಯಿತು. ನಾನು ಹೋದ ಮೇಲೆ ಈ ಹೆಸರು ತಿಳಿದವರು ನೀವಿಬ್ಬರೇ. ಈ ಹಾಳೆಗಳಿಗೆ ಒದ್ದೆ ತಾಗದಂತೆ, ಗೆದ್ದಲು ಮುಟ್ಟದಂತೆ ಇಟ್ಟುಕೊಳ್ಳಿ ಮಕ್ಕಳೇ.